ಚೇತುಪಟ್ಟಿನ ಪ್ರಯೋಗ, ಬೆಂಗಳೂರಿನ ಶಾಲೆ

ಕೆಮ್ಮು ಹಿಡಿದ ಮಾಣಿಯ ಲೆಕ್ಕ ತೀರಿಸಿ ಊರಿನ ಬಸ್ಸು ಹತ್ತಿಸುವ ಪದ್ಧತಿ ನಮ್ಮ ಹೋಟೆಲು ವೃತ್ತಿಯಲ್ಲಿ ಹಳೆಯದು. ಹುಡುಗನಿಗೆ ಊರ ಗಾಳಿ ಒಗ್ಗುವುದೆಂಬುದು ನೆಪ. ಗಿರಾಕಿಗಳ ಕಣ್ಣಿಗೆ ಬೀಳಬಾರದೆಂಬುದು ನಿಜವಾದ ಕಾರಣ. ಕ್ಷಯರೋಗಿಯನ್ನು ಹೀಗೆ ದೂರ ಅಟ್ಟಬೇಕಾದ ಅಗತ್ಯವಿಲ್ಲವೆಂಬುದು ನಾವು ಅನ್ನ ಸಂಪಾದಿಸುತ್ತಿರುವ ಈ ನಗರದಲ್ಲಿಯೇ ಸಿದ್ಧಪಟ್ಟು ಅರವತ್ತು ವರ್ಷಗಳ ಮೇಲಾದುವು. ವಾಚಕರಲ್ಲಿ ಬಹುಮಂದಿ ಇದನ್ನು ಅರಿಯರು.

1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಜೊತೆಗೂಡಿ ಕ್ಷಯರೋಗದ ಔಷಧ ಚಿಕಿತ್ಸಾ ಕೇಂದ್ರವೊಂದನ್ನು ಇಲ್ಲಿ ತೆರೆದುವು. ಚೇತುಪಟ್ಟಿನಲ್ಲಿರುವ ಇಂದಿನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯೇ ಅದು. ಡಾ. ವಾಲೇಸ್ ಫಾಕ್ಸ್ ಅವರ ಮುಂದಾಳುತನದಲ್ಲಿ ಮದರಾಸಿನ 193 ಬಡ ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಸಾನಿಟೋರಿಯಂ, ಪುಷ್ಟಿಯಾದ ಊಟ, ವಿಶ್ರಾಂತಿ. ಮತ್ತೊಂದು ಪಾಲಿಗೆ ತಮ್ಮ ಇಕ್ಕಟ್ಟಿನ ಮನೆ, ಅಲ್ಲಿನ ಗಂಜಿ. ಮಾತ್ರೆ ಮಾತ್ರ ಇಬ್ಬರಿಗೂ ಒಂದೇ. ವರ್ಷ ಕಳೆದ ಮೇಲೆ ನೋಡಿದರೆ ಗುಣ ಹೊಂದಿದವರ ಪ್ರಮಾಣ ಎರಡು ಕಡೆಯೂ ಹೆಚ್ಚುಕಡಿಮೆ ಸಮವಾಗಿತ್ತು. ಮನೆಮಂದಿಗೆ ರೋಗ ತಗಲುವ ಭಯವೂ ಹೆಚ್ಚಿರಲಿಲ್ಲ. ಊಟವೇ ಸರ್ವರೋಗಕ್ಕೆ ಮದ್ದೆಂದು ನಂಬಿದ ಹೋಟೆಲಿನವರಿಗೆ ಇದು ತುಸು ಮುಖಭಂಗವೆನ್ನಿ! 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಲೋಕದ ಸಾನಿಟೋರಿಯಂಗಳಿಗೆ ಬೀಗ ಹಾಕಿಸಲು ಕಾರಣವಾದುವುಗಳಲ್ಲೊಂದು.

ಆದರೆ ಮನೆಯಲ್ಲಿ ಮಾತ್ರೆ ಕೊಟ್ಟರಾಯಿತೆ? ಮುನ್ಸೂಚನೆಯಿಲ್ಲದೆ ಬಾಗಿಲು ತಟ್ಟಿ ಉಳಿದ ಮಾತ್ರೆಗಳನ್ನು ಎಣಿಸುವವರು, ಮೂತ್ರ ಪರೀಕ್ಷಿಸಿ ಔಷಧ ನುಂಗಿದ್ದು ನಿಜವೇ ಎಂದು ನೋಡುವವರು, ಬೇಸತ್ತ ರೋಗಿಯನ್ನು ಒಲಿಸುವವರು ಬೇಕು. ಈ ಕಸುಬನ್ನು ಯಾವ ವೈದ್ಯಕೀಯ ಕಾಲೇಜೂ ಕಲಿಸುತ್ತಿರಲಿಲ್ಲ. ಅದಕ್ಕೊಂದು ಶಾಲೆ ನಮ್ಮ ಬೆಂಗಳೂರಿನಲ್ಲಿ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಮರುವರ್ಷ ಪಂಡಿತ ನೆಹರೂ ಉದ್ಘಾಟಿಸಿದರು. ವೈದ್ಯ, ಪ್ರಯೋಗಶಾಲೆಯವನು, ಎಕ್ಸ್‌ರೇಯವನು, ಚಿಕಿತ್ಸೆಯ ಮೇಲ್ವಿಚಾರಕ, ಲೆಕ್ಕಿಗ, ಹೀಗೆ ಜಿಲ್ಲೆ ಜಿಲ್ಲೆಯ ತಂಡಗಳು ಬಂದು ಅಲ್ಲಿ ಕಲಿತುವು. ಲೆಕ್ಕಿಗನನ್ನೂ ತಂಡಕ್ಕೆ ಸೇರಿಸಿಕೊಂಡುದನ್ನು ನಮ್ಮ ಗುಮಾಸ್ತ ಬಂಧುಗಳು ಗಮನಿಸಬೇಕು. ಅಲ್ಲಿ ದುಡಿದ ಡೆನ್ಮಾರ್ಕಿನ ಡಾ. ಹಾಫ್ದಾನ್ ಮಾಹ್ಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು.

ಆ ಸಂಸ್ಥೆಯ ದೇಬಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ವಿಚಾರಿಸಿದಾಗ, ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಕಂಡುಬಂತು. ಅವರಿಗೆ ಸಿಕ್ಕಿದ್ದು ಕೆಮ್ಮಿನ ನೀರೌಷಧದ ಬಾಟಲಿ! ಹಳ್ಳಿಗ ಮೂಢನೆಂಬ ಆಕ್ಷೇಪಣೆ ಅಲ್ಲಿಗೆ ಬಿದ್ದುಹೋಯಿತು. ಮದ್ದು ಕೊಡುವವನಿಗೇ ಶಿಕ್ಷಣ ಬೇಕಾಗಿತ್ತು. ನಮ್ಮ ದೃಷ್ಟಿಯಲ್ಲಿ ಆ ಸಹಯೋಗದ ಅತ್ಯಂತ ಬೆಲೆಯುಳ್ಳ ಫಲ ಇದೇ.

ಈ ಪರಂಪರೆ ಇಲ್ಲಿ ಮುಂದುವರಿದಿದೆ. ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಲ್ಲಿ 2001ರಿಂದ ಸರಕಾರಿ ವೈದ್ಯರಿಗೆ ರೋಗದ ಮೂಲವನ್ನು ಬೀದಿಯಲ್ಲಿಯೇ ಹುಡುಕುವ ತರಬೇತಿಯುಂಟು. ಅದರ ಆರಂಭಕ್ಕೂ ಅಮೆರಿಕ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ಸಹಾಯವಿತ್ತು. ಕಾಲ ಬದಲಾಗಿದೆ. 2025ರ ಜನವರಿಯಲ್ಲಿ ಅಮೆರಿಕ ಆ ಸಂಸ್ಥೆಯಿಂದ ಹೊರಬೀಳುವುದಾಗಿ ಸಾರಿತು. ಔಷಧ, ಯಂತ್ರಗಳನ್ನಷ್ಟೇ ಪಡೆದ ದೇಶಗಳು ತತ್ತರಿಸಿದುವು. ಕಲಿಸುವವರನ್ನು ತಾವೇ ಬೆಳೆಸಿಕೊಂಡವರಿಗೆ ಪೆಟ್ಟು ಕಡಮೆ.

ಹಾಗಾದರೆ ಆ ಕೆಮ್ಮುವ ಮಾಣಿಯ ಗತಿಯೇನು? ಎರಡು ವಾರ ಮೀರಿದ ಕೆಮ್ಮಿದ್ದರೆ ನಗರಸಭೆಯ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಪುಕ್ಕಟೆ, ಔಷಧವೂ ಪುಕ್ಕಟೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಸಾಕು. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರಕಾರ 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಗೊತ್ತುಮಾಡಿದೆ. ಹಣ ಬ್ಯಾಂಕಿನ ಖಾತೆಗೇ ಬರುವುದರಿಂದ, ಖಾತೆಯಿಲ್ಲದ ಹುಡುಗರಿಗೆ ಅದನ್ನು ಮಾಲಿಕರು ಮೊದಲು ತೆರೆಸಿಕೊಡಬೇಕು.