ನಿಮಗಿದು ಗೊತ್ತೇ? ದನದ ನಾಲಿಗೆಯಿಂದ ಲಸಿಕೆಯ ಸೀಸೆಯವರೆಗೆ

ಕಾಲುಬಾಯಿ ಬೇನೆ ಬಿದ್ದ ಎತ್ತಿನ ನಾಲಿಗೆಯ ಮೇಲೆ ಗುಳ್ಳೆ ಒಡೆದಾಗ ಕಿತ್ತು ಬರುವ ತೆಳು ಪದರವಿದೆಯಲ್ಲ, ಲಸಿಕೆ ತಯಾರಿಸುವವರಿಗೆ ಅದಕ್ಕಿಂತ ಬೆಲೆಯ ವಸ್ತು ಇನ್ನೊಂದಿಲ್ಲ. ಒಂದು ಗ್ರಾಂ ಸಿಕ್ಕರೂ ಸಾಕು. ಗ್ಲಿಸರಾಲ್ ಬೆರೆಸಿದ ದ್ರಾವಣದ ಸೀಸೆಯಲ್ಲಿಟ್ಟು, ಮಂಜುಗಡ್ಡೆಯ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಮುಟ್ಟಿಸಿದರೆ, ಚಿತ್ತಾಪುರ ತಾಲ್ಲೂಕಿನ ದಂಡೋತಿಯ ಕೊಟ್ಟಿಗೆಗೆ ಬಂದ ವೈರಸ್ ಯಾವ ಬಗೆಯದು, ಈಗಿರುವ ಲಸಿಕೆ ಅದನ್ನು ತಡೆದೀತೇ ಎಂಬ ಎರಡು ಪ್ರಶ್ನೆಗೂ ಉತ್ತರ ಸಿಗುತ್ತದೆ.

ಕಾಲುಬಾಯಿ ವೈರಸ್ ಒಂದಲ್ಲ, ಏಳು ಬಗೆ: ಓ, ಎ, ಸಿ, ಏಷ್ಯಾ-1, ಮತ್ತು ಆಫ್ರಿಕಾದ ಮೂರು. ಒಂದು ಬಗೆಯ ಬೇನೆ ಬಂದು ವಾಸಿಯಾದ ದನಕ್ಕೆ ಇನ್ನೊಂದು ಬಗೆ ಧಾರಾಳವಾಗಿ ಅಂಟುತ್ತದೆ. ‘ಹೋದ ಸಲ ಬಂದು ಹೋಗಿದೆ, ಇನ್ನು ಬರಲ್ಲ’ ಎಂಬ ನಂಬಿಕೆ ಎಷ್ಟೋ ಕೊಟ್ಟಿಗೆಗಳನ್ನು ಕೆಡಿಸಿದೆ.

ಭಾರತದಲ್ಲಿ ಈಗ ಓಡಾಡುತ್ತಿರುವುದು ಓ, ಎ, ಏಷ್ಯಾ-1. ‘ಸಿ’ ನಮ್ಮ ದೇಶದಲ್ಲಿ ಕೊನೆಯದಾಗಿ ಕಂಡದ್ದು 1995ರಲ್ಲಿ, ಜಗತ್ತಿನಲ್ಲಿ 2004ರಲ್ಲಿ. ಹಾಗಾಗಿ ಲಸಿಕೆಯಿಂದ ಅದನ್ನು ಕೈಬಿಟ್ಟು ಮೂರನ್ನೇ ಉಳಿಸಿಕೊಂಡಿದ್ದಾರೆ.

ಈ ಲಸಿಕೆಗೂ ಬೀಜವಿದೆ, ಅಂದರೆ ಬೆಳೆಸಲು ತೆಗೆದಿಟ್ಟ ಮೂಲ ವೈರಸ್. ದೇಶದಲ್ಲಿ ಬಹುಕಾಲ ಬಳಕೆಯಾದ ಓ ಬೀಜ 1975ರದು, ಏಷ್ಯಾ-1 ಬೀಜ 1972ರದು. ಎರಡೂ ಇಲ್ಲಿನ ದನಗಳಿಂದಲೇ ಹೆಕ್ಕಿದವು. ‘ಎ’ ಮಾತ್ರ ಬೇಗ ಬೇಗ ರೂಪ ಬದಲಿಸುವ ಜಾತಿ. ಅದರ ಬೀಜವನ್ನು ಬದಲಿಸಬೇಕಾಗಿ ಬಂದಿದೆ. ಬದಲಿಸುವ ಹೊತ್ತು ಬಂತೆಂದು ತಿಳಿಯುವುದು ಹಳ್ಳಿಗಳಿಂದ ಬರುವ ಮಾದರಿಗಳಿಂದಲೇ. ಬೇನೆಯನ್ನು ಮುಚ್ಚಿಟ್ಟ ಊರಿನ ವೈರಸ್ ಲೆಕ್ಕಕ್ಕೇ ಸಿಗುವುದಿಲ್ಲ, ಅದಕ್ಕೆ ತಕ್ಕ ಲಸಿಕೆಯೂ ತಯಾರಾಗುವುದಿಲ್ಲ.

ಪ್ರಾಣಿಗಳಿಗೆ ವೈರಸ್‌ನಿಂದ ರೋಗ ಬರುತ್ತದೆಂದು ಜಗತ್ತಿಗೆ ಮೊದಲು ತಿಳಿದದ್ದೇ ಕಾಲುಬಾಯಿ ಬೇನೆಯಿಂದ. 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್ ಗುಳ್ಳೆಯ ನೀರನ್ನು ಬ್ಯಾಕ್ಟೀರಿಯಾ ಕೂಡ ದಾಟಲಾರದ ಶೋಧಕದಲ್ಲಿ ಸೋಸಿದರು. ಸೋಸಿದ ನೀರೂ ಕರುಗಳಿಗೆ ರೋಗ ತಂದಿತು.

ಆ ವೈರಸ್‌ನ ಆಕಾರವನ್ನು ಅಣು ಅಣುವಾಗಿ ಬಿಡಿಸಿದ ಪ್ರಬಂಧ 1989ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಲೇಖಕರ ಪಟ್ಟಿಯ ಮೊದಲ ಹೆಸರು ಕೆ. ರವಿ ಆಚಾರ್ಯ ಅವರದು. ಭಾರತದಲ್ಲಿ ಓದಿ ಇಂಗ್ಲೆಂಡಿಗೆ ಹೋದವರು. ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಾದ ಸಂಗತಿ ಇದು.

ಲಸಿಕೆಗಾಗಿ ವೈರಸ್ ಬೆಳೆಸುವುದು ಎಲ್ಲಿ? 1940ರ ದಶಕದಲ್ಲಿ ನೆದರ್ಲೆಂಡ್ಸಿನ ಫ್ರೆಂಕೆಲ್ ಕಸಾಯಿಖಾನೆಯ ದನಗಳ ನಾಲಿಗೆಯ ಪದರದಲ್ಲಿ ಬೆಳೆಸಿದರು. 1960ರ ದಶಕದಿಂದೀಚೆಗೆ ಹ್ಯಾಮ್‌ಸ್ಟರ್ ಮರಿಯ ಮೂತ್ರಪಿಂಡದಿಂದ ಪಡೆದ ಬಿಎಚ್‌ಕೆ-21 ಎಂಬ ಕೋಶಗಳನ್ನು ಉಕ್ಕಿನ ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಅವುಗಳಿಗೆ ವೈರಸ್ ಹೊಗಿಸುತ್ತಾರೆ. ಸೇಡಂ, ವಾಡಿಯವರು ರೈಲು ಹತ್ತಿ ಹೋಗುವ ಹೈದರಾಬಾದಿನಲ್ಲೇ ಅಂಥ ದೊಡ್ಡ ಕಾರ್ಖಾನೆಯಿದೆ: ಇಂಡಿಯನ್ ಇಮ್ಯುನಾಲಾಜಿಕಲ್ಸ್, ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಕಟ್ಟಿದ ಸಂಸ್ಥೆ.

ಸೀಸೆಯೊಳಗೆ ಇರುವುದು ಸತ್ತ ವೈರಸ್. ರಾಸಾಯನಿಕದಿಂದ ಅದರ ಒಳಗಿನ ಆರ್‌ಎನ್‌ಎಯನ್ನು ಕೆಡಿಸಿ, ಹೊರಚಿಪ್ಪನ್ನು ಮಾತ್ರ ಒಡೆಯದಂತೆ ಕಾಯುತ್ತಾರೆ. ದನದ ದೇಹ ಗುರುತು ಹಿಡಿಯುವುದು ಆ ಚಿಪ್ಪನ್ನೇ. ಒಡೆಯದ ಇಡೀ ವೈರಸ್ ಕಣಕ್ಕೆ ವಿಜ್ಞಾನಿಗಳು 146ಎಸ್ ಎನ್ನುತ್ತಾರೆ. ಬಿಸಿ ತಗುಲಿದರೆ, ಹುಳಿ ಸೋಕಿದರೆ ಅದು 12ಎಸ್ ಎಂಬ ಚೂರುಗಳಾಗಿ ಒಡೆಯುತ್ತದೆ. ಚೂರುಗಳಿಗೆ ರೋಗ ತಡೆಯುವ ಶಕ್ತಿ ಹುಟ್ಟಿಸುವ ಕಸುವು ಬಹಳ ಕಡಿಮೆ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕೆಂಬ ಹಟ ಇದಕ್ಕಾಗಿಯೇ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 42 ಡಿಗ್ರಿ ದಾಟುತ್ತದೆ. ಕಾರ್ಖಾನೆಯಿಂದ ಚಿತ್ತಾಪುರದವರೆಗೆ ಜೋಪಾನವಾಗಿ ಬಂದ ಸೀಸೆ, ಅಲ್ಲಿಂದ ದಂಡೋತಿಗೆ ಬರುವ ಕೆಲವೇ ಕಿಲೋಮೀಟರಿನಲ್ಲಿ ಮಂಜುಗಡ್ಡೆ ಕರಗಿ ನಿಷ್ಪ್ರಯೋಜಕವಾಗಬಹುದು. ಎಣ್ಣೆ ಬೆರೆಸಿದ ಈ ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತದೆ. ಡಬ್ಬಿಯಲ್ಲಿ ಮಂಜುಗಡ್ಡೆ ಇದೆಯೇ ಎಂದು ಕೇಳುವುದು ರೈತನ ಹಕ್ಕು, ಸಂಕೋಚ ಬೇಡ.

ಶುದ್ಧೀಕರಿಸಿದ ಲಸಿಕೆಯಲ್ಲಿ ಚಿಪ್ಪು ಮಾತ್ರ ಇರುತ್ತದೆ. ವೈರಸ್ ದೇಹದೊಳಗೆ ಮರಿಮಾಡುವಾಗ ತಯಾರಿಸುವ ಇತರ ಪ್ರೋಟೀನುಗಳು ಇರುವುದಿಲ್ಲ. ಇದರಿಂದ ಒಂದು ರಕ್ತಪರೀಕ್ಷೆಯಲ್ಲೇ ಈ ಆಕಳಿಗೆ ಲಸಿಕೆಯಷ್ಟೇ ಆಗಿದೆಯೇ, ನಿಜವಾದ ಸೋಂಕೂ ತಗುಲಿತ್ತೇ ಎಂದು ಬೇರ್ಪಡಿಸಿ ಹೇಳಬಹುದು.

ಬೆಂಗಳೂರಿನ ಯಲಹಂಕದಲ್ಲಿರುವ ‘ನಿವೇದಿ’ ಎಂಬ ರಾಷ್ಟ್ರೀಯ ಸಂಸ್ಥೆ ಯಾವ ಜಿಲ್ಲೆಗೆ ಯಾವ ಜಾನುವಾರು ರೋಗ ಬರಬಹುದೆಂದು ಎರಡು ತಿಂಗಳು ಮೊದಲೇ ಮುನ್ಸೂಚನೆ ಕೊಡುತ್ತದೆ. ಹವಾಮಾನದ ಮುನ್ಸೂಚನೆ ಕೇಳುವಷ್ಟೇ ಆಸಕ್ತಿಯಿಂದ ಗ್ರಾಮ ಪಂಚಾಯಿತಿಗಳು ಇದನ್ನೂ ಕೇಳಬೇಕು.

2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ಬೇನೆಗೆ ಸಾವಿರಾರು ದನಗಳು ಸತ್ತವು. ಬದುಕಿದವುಗಳಲ್ಲೂ ಎಷ್ಟೋ ಮೊದಲಿನಂತೆ ಹಾಲು ಕೊಡಲಿಲ್ಲ, ಬಿಸಿಲಿಗೆ ಏದುಸಿರು ಬಿಡತೊಡಗಿದವು.

ಇನ್ನು ಒಂದು ಗೆಲುವಿನ ಕಥೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ 1925ರಲ್ಲಿ ಹುಟ್ಟಿದ್ದು ‘ಮೈಸೂರು ಸೀರಂ ಇನ್‌ಸ್ಟಿಟ್ಯೂಟ್’ ಎಂಬ ಹೆಸರಿನಲ್ಲಿ, ದೊಡ್ಡರೋಗದ ವಿರುದ್ಧ ಸೀರಂ ತಯಾರಿಸಲು. ದಂಡೋತಿ ಆಗ ನಿಜಾಮರ ಹೈದರಾಬಾದಿನಲ್ಲಿತ್ತು. ಸಂಸ್ಥಾನಗಳ ಗಡಿ ರೋಗಕ್ಕೆ ಲೆಕ್ಕವಿರಲಿಲ್ಲ. ಒಮ್ಮೆ ಊರು ಹೊಕ್ಕರೆ ದೊಡ್ಡಿಗಳನ್ನೇ ಖಾಲಿ ಮಾಡಿ, ಬಿತ್ತನೆಗೆ ಎತ್ತಿಲ್ಲದಂತೆ ಮಾಡುತ್ತಿದ್ದ ಬೇನೆ ಅದು. ಆ ದಶಕದಲ್ಲೇ ಹಿಮಾಲಯದ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸುತ್ತ ಅದರ ಉಗ್ರತೆ ಇಳಿಸಿ ಲಸಿಕೆ ಮಾಡಿದರು. 1960ರ ಹೊತ್ತಿಗೆ ಕೀನ್ಯಾದಲ್ಲಿ ಪ್ಲೋರೈಟ್ ಕೋಶಗಳಲ್ಲಿ ಬೆಳೆಸಿದ ಇನ್ನೂ ಒಳ್ಳೆಯ ಲಸಿಕೆ ಬಂತು. ಭಾರತದಲ್ಲಿ ಕೊನೆಯ ಸಲ ದೊಡ್ಡರೋಗ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತು ಅದರಿಂದ ಮುಕ್ತವಾಯಿತೆಂದು ಘೋಷಿಸಿದರು. ಮನುಷ್ಯ ಭೂಮಿಯಿಂದಲೇ ತೊಡೆದುಹಾಕಿದ ರೋಗಗಳು ಇಂದಿಗೂ ಎರಡೇ: ಸಿಡುಬು, ದೊಡ್ಡರೋಗ.

ಮಕ್ಕಳಿಗೆ ಬರುವ ದಡಾರದ ವೈರಸ್ ಈ ದೊಡ್ಡರೋಗದ ವೈರಸ್‌ಗೆ ಹತ್ತಿರದ ಸಂಬಂಧಿ.

ಚರ್ಮಗಂಟು ರೋಗ, ಅಂದರೆ ಜನ ಹೇಳುವ ‘ಲಂಪಿ’, 1929ರಲ್ಲಿ ಇಂದಿನ ಜಾಂಬಿಯಾದಲ್ಲಿ ಮೊದಲು ದಾಖಲಾಯಿತು. ಭಾರತಕ್ಕೆ ಬರಲು ಅದಕ್ಕೆ 90 ವರ್ಷ ಬೇಕಾಯಿತು: 2019ರಲ್ಲಿ ಒಡಿಶಾ. ಅಲ್ಲಿಂದ ಮೂರೇ ವರ್ಷಗಳಲ್ಲಿ ದೇಶವೆಲ್ಲ ಹರಡಿತು. 2022ರಲ್ಲಿ ನಮ್ಮ ರಾಜ್ಯದ ಕೊಟ್ಟಿಗೆಗಳಲ್ಲೂ ಎತ್ತು ಆಕಳುಗಳ ಮೈತುಂಬ ಗಂಟು. ಕೈಯಲ್ಲಿ ಅದರದೇ ಲಸಿಕೆಯಿಲ್ಲದಾಗ ಆಡಿನ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿದರು, ಏಕೆಂದರೆ ಎರಡೂ ವೈರಸ್ ಒಂದೇ ಕುಲದವು. 2019ರಲ್ಲಿ ರಾಂಚಿಯ ದನದಿಂದ ಹೆಕ್ಕಿದ ವೈರಸ್ಸನ್ನು ಹಿಸಾರ್‌ನ ವಿಜ್ಞಾನಿಗಳು ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಸೌಮ್ಯಗೊಳಿಸಿದರು; ‘ಲಂಪಿ-ಪ್ರೊವ್ಯಾಕ್’ ಲಸಿಕೆ 2022ರ ಆಗಸ್ಟಿನಲ್ಲಿ ಹೊರಬಂತು. ಕೋಲಾರ ಜಿಲ್ಲೆ ಮಾಲೂರಿನ ಬಯೋವೆಟ್ ಕಂಪನಿಯ ಲಂಪಿ ಲಸಿಕೆಗೆ 2025ರಲ್ಲಿ ಪರವಾನಗಿ ಸಿಕ್ಕಿತು.

ಗಂಟು ಒಣಗಿ ಉದುರಿದ ಹಕ್ಕಳೆಯಲ್ಲಿ ಲಂಪಿ ವೈರಸ್ ಒಂದು ತಿಂಗಳಿಗೂ ಮಿಕ್ಕಿ ಜೀವಂತವಿರಬಲ್ಲದು. ಅದನ್ನು ಗುಡಿಸಿ ಸುಡಬೇಕು. ದನದಿಂದ ದನಕ್ಕೆ ಸಾಗಿಸುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆ. ಮನುಷ್ಯರಿಗೆ ಈ ರೋಗ ಬರುವುದಿಲ್ಲ.

ದನಗಳ ಮೂರು ದಿನದ ಜ್ವರವೂ ಸೊಳ್ಳೆಯಂಥ ಕೀಟಗಳ ಕೊಡುಗೆಯೇ, ಅದೂ ವೈರಸ್. ಮೈತುಂಬಿದ ಹೋರಿ, ಹೆಚ್ಚು ಹಾಲಿನ ಆಕಳನ್ನೇ ಅದು ಹೆಚ್ಚು ಕಾಡುತ್ತದೆ.

ಕಾಗಿಣಾ ನದಿ ತುಂಬಿ ಬಂದರೆ ದಂಡೋತಿಯ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಅದೇ ಮಳೆಗಾಲದಲ್ಲಿ ಸೊಳ್ಳೆ, ನೊಣಗಳೂ ಹೆಚ್ಚುತ್ತವೆ. ಲಂಪಿ ಲಸಿಕೆ ಮಳೆಗೆ ಮೊದಲೇ ಆಗಿರಬೇಕೆಂದು ಒತ್ತಾಯಿಸಲು ಈ ಭಾಗದ ರೈತರಿಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಕಾಲುಬಾಯಿ ವೈರಸ್‌ಗೆ ವಾಷಿಂಗ್ ಸೋಡಾ ಕಂಡರಾಗದು. ನೂರು ಲೀಟರ್ ನೀರಿಗೆ ನಾಲ್ಕು ಕಿಲೋ ಬೆರೆಸಿ ಕೊಟ್ಟಿಗೆ ತೊಳೆಯಬೇಕು. ಶಹಾಬಾದ್ ಕಲ್ಲು ಹಾಸಿದ ನೆಲ ಬೇಗ ಶುದ್ಧವಾಗುತ್ತದೆ. ಮಣ್ಣಿನ ನೆಲಕ್ಕೆ ಹೆಚ್ಚು ಶ್ರಮ ಬೇಕು.

ದನದ ಕಿವಿಯ ಹಳದಿ ಬಿಲ್ಲೆಯ ಮೇಲಿನ ಸಂಖ್ಯೆಯಲ್ಲಿ 12 ಅಂಕಿಗಳಿವೆ. ಯಾವ ದನಕ್ಕೆ ಯಾವಾಗ ಲಸಿಕೆಯಾಯಿತೆಂಬ ದಾಖಲೆ ಅದರ ಮೇಲೆಯೇ ನಿಂತಿದೆ. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಲಸಿಕೆ ಉಚಿತ. ಹತ್ತು ದನಗಳಲ್ಲಿ ಎಂಟಕ್ಕಾದರೂ ರಕ್ಷಣೆ ಇದ್ದರೆ ಮಾತ್ರ ಬೇನೆಯ ಸರಪಳಿ ಕಡಿಯುತ್ತದೆ. ಸೂಜಿ ಹಾಕಿಸಿದ ಮೇಲೆ ಒಂದೆರಡು ದಿನ ಹಾಲು ತುಸು ಇಳಿಯಬಹುದು, ಮತ್ತೆ ಏರುತ್ತದೆ. ಆ ಒಂದೆರಡು ಲೀಟರಿಗೆ ಹೆದರಿ ಲಸಿಕೆ ತಪ್ಪಿಸುವವರು ತಮ್ಮ ಕೊಟ್ಟಿಗೆಯನ್ನಷ್ಟೇ ಅಲ್ಲ, ನೆರೆಯವರ ಕೊಟ್ಟಿಗೆಯನ್ನೂ ಅಪಾಯಕ್ಕೆ ಒಡ್ಡುತ್ತಾರೆ.

ಕರುವಿಗೆ ನಾಲ್ಕು ತಿಂಗಳಾದಾಗ ಕಾಲುಬಾಯಿ ಲಸಿಕೆಯ ಮೊದಲ ಸೂಜಿ, ಒಂದು ತಿಂಗಳ ನಂತರ ಎರಡನೆಯದು, ಆಮೇಲೆ ಆರು ತಿಂಗಳಿಗೊಮ್ಮೆ. ಜೊಲ್ಲು, ಕುಂಟು, ಗಂಟು ಕಂಡ ದಿನವೇ ದನವನ್ನು ಬೇರೆ ಕಟ್ಟಿ, ಸಂತೆಗೆ ಒಯ್ಯದೆ, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಬರುವ ಪಶುವೈದ್ಯರನ್ನು ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲು ಕೇಳಿ.