ಒಂದು ಇಡ್ಲಿಗೂ ಸಮವಿಲ್ಲದ ಶಕ್ತಿ

ರಿಮೋಟ್ ಕಾರಿಗೆ ಹಾಕುವ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. 1/10 ಅಳತೆಯ ಕಾರುಗಳಿಗೆ ಬರುವ ಮಾಮೂಲಿ ಪ್ಯಾಕು. ಉದ್ದ ಹದಿನಾಲ್ಕು ಸೆಂಟಿಮೀಟರ್, ಅಗಲ ಐದಕ್ಕೆ ತುಸು ಕಡಿಮೆ, ದಪ್ಪ ಎರಡೂವರೆ. ತೂಕ 300 ಗ್ರಾಮಿನೊಳಗೆ. ಸ್ಟಿಕ್ಕರಿನ ಮೇಲೆ ಬೆಂಕಿಯದೋ ಸಿಡಿಲಿನದೋ ಒಂದು ಚಿತ್ರ, ಪಕ್ಕದಲ್ಲಿ ಮೂರು ಸಂಖ್ಯೆ: 7.4 ವೋಲ್ಟ್, 5000 ಎಂಎಎಚ್, 50ಸಿ.

ಮೊದಲ ಎರಡನ್ನು ಗುಣಿಸಿದರೆ ಒಳಗಿರುವ ಒಟ್ಟು ಶಕ್ತಿ ಸಿಗುತ್ತದೆ: 37 ವ್ಯಾಟ್ ಅವರ್. ಊಟದ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು 32 ಕಿಲೊಕ್ಯಾಲರಿ. ದರ್ಶಿನಿಯಲ್ಲಿ ತಟ್ಟೆಗೆ ಹಾಕುವ ಒಂದು ಇಡ್ಲಿಯಲ್ಲಿ ಇದಕ್ಕಿಂತ ಜಾಸ್ತಿ ಇರುತ್ತದೆ, ಚಟ್ನಿ ಬಿಟ್ಟು. ಪೆಟ್ರೋಲಿನಲ್ಲಿ ಹೇಳಬೇಕೆಂದರೆ ನಾಲ್ಕು ಮಿಲಿಲೀಟರ್. ಇಷ್ಟಕ್ಕೇ ಮೂಗು ಮುರಿಯಬೇಡಿ. ಈ ಶಕ್ತಿ ಚೂರೂ ಪೋಲಾಗದಂತೆ ದುಡಿದರೆ 70 ಕಿಲೊ ತೂಕದ ಒಬ್ಬ ಮನುಷ್ಯನನ್ನು 190 ಮೀಟರ್ ಮೇಲಕ್ಕೆತ್ತಬಹುದು. ಶ್ರವಣಬೆಳಗೊಳದ ವಿಂಧ್ಯಗಿರಿ ನೆಲದಿಂದ ಸುಮಾರು 140 ಮೀಟರ್. ಬೆಟ್ಟದ ಬುಡದಿಂದ ಗೊಮ್ಮಟನ ಪಾದದವರೆಗೆ ಒಬ್ಬರನ್ನು ಮುಟ್ಟಿಸಿದ ಮೇಲೂ ಕಾಲು ಭಾಗ ಉಳಿಯುತ್ತದೆ.

ಈ ಪ್ಯಾಕನ್ನು ಚಾರ್ಜಿಗೆ ಹಾಕಿದಾಗ ಒಳಗೆ ನಡೆಯುವ ಕೆಲಸ ಮಾತಿನಲ್ಲಿ ಸರಳ. ಅಲ್ಯೂಮಿನಿಯಂ ಹಾಳೆಗೆ ಬಳಿದ ಆಕ್ಸೈಡಿನಿಂದ ಲಿಥಿಯಂ ಅಯಾನುಗಳು ಹೊರಟು, ತಾಮ್ರದ ಹಾಳೆಗೆ ಬಳಿದ ಗ್ರಾಫೈಟಿನೊಳಗೆ ಹೋಗಿ ಕೂರುತ್ತವೆ. ಕಾರು ಓಡುವಾಗ ವಾಪಸು ಬರುತ್ತವೆ. ತಾಮ್ರದ ಹಾಳೆಯ ದಪ್ಪ 10 ಮೈಕ್ರಾನಿನ ಸುಮಾರಿಗೆ. ನಮ್ಮ ತಲೆಗೂದಲು 70ರ ಆಸುಪಾಸು. ಅಯಾನು ದಾಟಬೇಕಾದ ದಾರಿ ಒಂದು ಮಿಲಿಮೀಟರಿನಷ್ಟೂ ಇಲ್ಲ. ಆದರೆ ದಾಟುವ ಮಂದಿ ಎಷ್ಟು? 5000 ಎಂಎಎಚ್, ಅಂದರೆ 5 ಆಂಪಿಯರ್ ಅವರ್, 18,000 ಕೂಲಂಬ್‌ಗೆ ಸಮ. ಅದನ್ನು ಒಂದು ಅಯಾನಿನ ವಿದ್ಯುದಂಶದಿಂದ ಭಾಗಿಸಿದರೆ ಬರುವುದು 112 ಕೋಟಿ ಕೋಟಿ ಕೋಟಿ. ಕೋಟಿಯನ್ನು ಮೂರು ಸಲ ಬರೆದದ್ದು ಅಚ್ಚಿನ ದೋಷವಲ್ಲ. ಅದೂ ಒಂದೇ ಸೆಲ್ಲಿನ ಲೆಕ್ಕ. ಪ್ಯಾಕಿನಲ್ಲಿ ಅಂಥವು ಎರಡಿವೆ.

ಭೂಮಿಯ ಮೇಲಿನ ಸುಮಾರು 820 ಕೋಟಿ ಜನ, ಹಸುಗೂಸೂ ಸೇರಿ, ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಆ ಅಯಾನುಗಳನ್ನು ಎಣಿಸಲು ಕೂತರೆ ಮುಗಿಯುವುದಕ್ಕೆ 4,34,000 ವರ್ಷ ಬೇಕು. ಪಂಚಾಂಗದ ಪ್ರಕಾರ ಕಲಿಯುಗದ ಪೂರ್ತಿ ಅವಧಿ 4,32,000 ವರ್ಷ. ಎಲ್ಲರೂ ಒಟ್ಟಾಗಿ ಒಂದು ಯುಗ ಎಣಿಸಬೇಕಾದದ್ದನ್ನು 5 ಆಂಪಿಯರಿನ ಚಾರ್ಜರು ಸುಮಾರು ಒಂದು ಗಂಟೆಯಲ್ಲಿ ಆಚೆ ದಡಕ್ಕೆ ಸಾಗಿಸುತ್ತದೆ. ಇನ್ನೂ ಸೋಜಿಗವೆಂದರೆ ಅಷ್ಟೂ ಅಯಾನುಗಳ ತೂಕ 1.3 ಗ್ರಾಂ, ಎರಡು ಸೆಲ್ಲಿಗೂ ಸೇರಿ 2.6. ಮುನ್ನೂರು ಗ್ರಾಮಿನ ಪ್ಯಾಕಿನಲ್ಲಿ ನಿಜವಾಗಿ ಓಡಾಡಿ ದುಡಿಯುವುದು ನೂರರಲ್ಲಿ ಒಂದು ಪಾಲೂ ಇಲ್ಲ. ಉಳಿದದ್ದೆಲ್ಲ ಅವುಗಳಿಗೆ ಮನೆ, ರಸ್ತೆ, ಕಾಂಪೌಂಡು.

ಇನ್ನು ಮೂರನೆಯ ಸಂಖ್ಯೆ, ಆ 50ಸಿ. ಜನ ಮರುಳಾಗುವುದು ಇದಕ್ಕೇ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕಾಲೇಜು ಹುಡುಗರು ಬಂದು ಕೇಳುವ ಮೊದಲ ಪ್ರಶ್ನೆ, “ಅಣ್ಣ, ಎಷ್ಟು ಸಿ ಇದೆ?” ಗಲ್ಲಾದ ಹಿಂದಿನಿಂದ ಉತ್ತರ ಸಿದ್ಧ: “ನೂರು ಸಿ ಇದೆ, ಬೇಕಂದ್ರೆ ನೂರಿಪ್ಪತ್ತೂ ಇದೆ.” ಸಿ ಅಂದರೆ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟನ್ನು ಬ್ಯಾಟರಿ ಒಂದೇ ಸಮನೆ ಕೊಡಬಲ್ಲದು ಎಂಬ ಲೆಕ್ಕ. 5 ಆಂಪಿಯರ್ ಅವರಿನ ಪ್ಯಾಕು 50ಸಿ ಎಂದರೆ 250 ಆಂಪಿಯರ್. ನಮ್ಮ ಮನೆಯ ಗೀಸರಿನ ಪ್ಲಗ್ಗು 16 ಆಂಪಿಯರಿನದು. ಆ 250 ಆಂಪಿಯರನ್ನು ಪ್ಯಾಕಿನ ವೋಲ್ಟಿನಿಂದ ಗುಣಿಸಿದರೆ 1,850 ವ್ಯಾಟ್, ಅಂದರೆ ಎರಡೂವರೆ ಎಚ್‌ಪಿ. ಅಂಗೈಯಲ್ಲಿ ಹಿಡಿಯುವ ಡಬ್ಬಿಯಿಂದ ಒಂದು ಬಾವಿಯ ಪಂಪ್‌ಸೆಟ್ಟು!

ನಂಬುವ ಮುಂಚೆ ಕೆಲವು ಲೆಕ್ಕ ಹಾಕಿ. 250 ಆಂಪಿಯರಿನಂತೆ ಎಳೆದರೆ ಪ್ಯಾಕು 72 ಸೆಕೆಂಡಿಗೆ ಬರಿದಾಗುತ್ತದೆ. 100ಸಿ ಎಂದರೆ 36 ಸೆಕೆಂಡ್. ಮೈದಾನದಲ್ಲಿ ಕಾರು ಹದಿನೈದು ನಿಮಿಷ ಓಡುತ್ತದೆ. ಸರಾಸರಿ ಎಳೆತ ಬರೀ 20 ಆಂಪಿಯರ್ ಎಂದಾಯಿತು. ಇನ್ನು ಪ್ಯಾಕಿನ ತುದಿಯ ಹಳದಿ ಪ್ಲಗ್ಗು ನೋಡಿ. ಅದು ಎಕ್ಸ್‌ಟಿ60 ಆಗಿದ್ದರೆ ಹೆಸರೇ ಹೇಳುವಂತೆ 60 ಆಂಪಿಯರಿನ ಪ್ಲಗ್ಗು. ಸ್ಟಿಕ್ಕರು ಕೂಗುವುದರ ನಾಲ್ಕನೇ ಒಂದು ಪಾಲನ್ನೂ ಅದರ ಬಾಲ ಒಪ್ಪುವುದಿಲ್ಲ.

ಮುಖ್ಯವಾದ ಲೆಕ್ಕ ಆಂತರಿಕ ರೋಧದ್ದು. ಚೆನ್ನಾಗಿರುವ ಸೆಲ್ಲಿನ ರೋಧ 3 ಮಿಲಿಓಮ್ ಎಂದಿಟ್ಟುಕೊಳ್ಳಿ, ಎರಡಕ್ಕೆ 6. ಒಂದು ಓಮಿನ ಸಾವಿರದಲ್ಲಿ ಆರು ಪಾಲು, ಯಾರು ಲೆಕ್ಕಕ್ಕಿಡುತ್ತಾರೆ? 250 ಆಂಪಿಯರ್ ಹರಿದರೆ ಅಷ್ಟರಲ್ಲೇ ಒಂದೂವರೆ ವೋಲ್ಟ್ ಒಳಗೇ ಬಿದ್ದುಹೋಗುತ್ತದೆ, 375 ವ್ಯಾಟ್ ಬಿಸಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಳಿಯುತ್ತದೆ. ಆ 72 ಸೆಕೆಂಡಿನಲ್ಲಿ ಪ್ಯಾಕಿನ ಉಷ್ಣಾಂಶ ಅಂದಾಜು 90 ಡಿಗ್ರಿ ಏರಬೇಕು. ಲೈಪೊ 60 ಡಿಗ್ರಿ ದಾಟಬಾರದು ಎಂಬುದು ಆಟಗಾರರ ನಿಯಮ. ಹಾಗಾಗಿ ಸ್ಟಿಕ್ಕರಿನ ಮಾತನ್ನು ಪ್ಯಾಕು ಪೂರ್ತಿಯಾಗಿ ಪಾಲಿಸಿದರೆ ಅದೇ ಅದರ ಕೊನೆಯ ಓಟ. ಬೆಂಗಳೂರಿನ ಏಥರ್ ಕಂಪನಿಯ 450ಎಕ್ಸ್ ಸ್ಕೂಟರಿನ ದೊಡ್ಡ ಬ್ಯಾಟರಿ 3.7 ಕಿಲೊವ್ಯಾಟ್ ಅವರ್, ಸರಿಯಾಗಿ ಇಂಥ ನೂರು ಪ್ಯಾಕು. ಅದರ ಮೋಟಾರಿನ ಗರಿಷ್ಠ ಶಕ್ತಿ 6.4 ಕಿಲೊವ್ಯಾಟ್. ಸ್ಟಿಕ್ಕರು ಸುಳ್ಳಲ್ಲ ಎಂದಾದರೆ ನಮ್ಮ ನೂರು ಪ್ಯಾಕು 185 ಕಿಲೊವ್ಯಾಟ್ ಕೊಡಬೇಕು. ಇಬ್ಬರನ್ನು ಕೂರಿಸಿಕೊಂಡು ಆ ಸ್ಕೂಟರು ಓಡಿಸುವ ಧೈರ್ಯ ನನಗಂತೂ ಇಲ್ಲ.

ಹಾಗಾದರೆ ನೋಡಿ ಕೊಳ್ಳುವುದು ಏನನ್ನು? ನನ್ನ ಮಟ್ಟಿಗೆ ತೂಕವನ್ನು. ತಕ್ಕಡಿಗೆ ಜಾಹೀರಾತು ಬರೆಯಲು ಬರುವುದಿಲ್ಲ. ಹೆಚ್ಚು ಕರೆಂಟು ಕೊಡುವ ಲೈಪೊಗಳಲ್ಲಿ ಕಿಲೊಗೆ 130ರಿಂದ 150 ವ್ಯಾಟ್ ಅವರ್ ಹಿಡಿಯುವುದು ವಾಡಿಕೆ. 37 ವ್ಯಾಟ್ ಅವರಿಗೆ 250ರಿಂದ 285 ಗ್ರಾಂ ಬರಬೇಕು. ಅಷ್ಟೇ ತೂಕದ ಇನ್ನೊಂದು ಪ್ಯಾಕಿನ ಮೇಲೆ 8000 ಎಂಎಎಚ್ ಅಂತ ಇದ್ದರೆ ಅದನ್ನು ಮರಳಿ ಗಲ್ಲಾದ ಮೇಲಿಡಿ. ಒಳ್ಳೆಯ ಚಾರ್ಜರುಗಳು ಮಿಲಿಓಮನ್ನೂ ತೋರಿಸುತ್ತವೆ. ಎರಡು ಸೆಲ್ಲಿನ ಅಂಕಿ ಹತ್ತಿರ ಹತ್ತಿರ ಇರಬೇಕು, ಕಾಲ ಕಳೆದಂತೆ ಏರುತ್ತ ಹೋಗುವುದನ್ನು ಬರೆದಿಟ್ಟುಕೊಂಡರೆ ಪ್ಯಾಕಿನ ವಯಸ್ಸು ತಿಳಿಯುತ್ತದೆ. ಹಳೆಯ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕುಗಳೂ ಇನ್ನೂ ಮಾರಾಟಕ್ಕಿವೆ: 1.2 ವೋಲ್ಟಿನ ಆರು ಸೆಲ್, 7.2 ವೋಲ್ಟ್. 3000 ಎಂಎಎಚ್ ಪ್ಯಾಕು ನಾನೂರು ಗ್ರಾಮಿನ ಹತ್ತಿರ ತೂಗುತ್ತದೆ, ಶಕ್ತಿ 22 ವ್ಯಾಟ್ ಅವರಿಗೂ ಕಡಿಮೆ. ಆದರೆ ಮಕ್ಕಳ ಒರಟು ಕೈಯನ್ನು ತಡೆದುಕೊಳ್ಳುತ್ತದೆ. ಹತ್ತು ವರ್ಷದ ಹುಡುಗನಿಗೆ ನಾನು ಅದನ್ನೇ ಕೊಡಿಸಿಯೇನು.

ಎರಡು ಸೆಲ್ಲಿನ ಬದಲು ಮೂರು ಹಾಕಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಒಂದು ದಿನ ಬರುವ ಆಸೆ. ವೋಲ್ಟಿಗೆ 3,500 ಸುತ್ತಿನ ಮೋಟಾರು 7.4ರಲ್ಲಿ ನಿಮಿಷಕ್ಕೆ 25,900 ಸುತ್ತು ತಿರುಗಿದರೆ 11.1ರಲ್ಲಿ 38,850. ವೇಗ ಒಂದೂವರೆ ಪಟ್ಟು. ಗಾಳಿಯನ್ನು ಸೀಳುವ ಖರ್ಚು ಮಾತ್ರ ವೇಗದ ಘನದಂತೆ ಏರಿ 3.4 ಪಟ್ಟಾಗುತ್ತದೆ. ಅಮೆರಿಕದ ನಿಕ್ ಕೇಸ್ 2014ರ ಅಕ್ಟೋಬರ್ 25ರಂದು ಯೂಟಾದ ಸೇಂಟ್ ಜಾರ್ಜಿನಲ್ಲಿ ತಮ್ಮ ಬ್ಯಾಟರಿ ಕಾರನ್ನು ಗಂಟೆಗೆ 325.12 ಕಿಲೊಮೀಟರ್ ವೇಗದಲ್ಲಿ ಓಡಿಸಿ ಗಿನ್ನೆಸ್ ದಾಖಲೆ ಬರೆದರು. ಪ್ರಯಾಣಿಕರ ವಿಮಾನ ನೆಲ ಬಿಡುವುದೇ 250ರಿಂದ 280ರ ಸುಮಾರಿನಲ್ಲಿ. 50 ಕಿಲೊಮೀಟರ್ ವೇಗದ ಅದೇ ಆಕಾರದ ಕಾರಿಗೆ ಹೋಲಿಸಿದರೆ ಗಾಳಿಗೆ ಮಾತ್ರವೇ 275 ಪಟ್ಟು ಶಕ್ತಿ ಸುರಿಯಬೇಕು.

ಚಾರ್ಜಿನ ವಿಷಯಕ್ಕೆ ಬಂದರೆ ಅಂಕಿಗಳು ದಿಢೀರನೆ ಸಣ್ಣವಾಗುತ್ತವೆ. ತುಂಬಿದ ಸೆಲ್ 4.20 ವೋಲ್ಟ್. ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಅಳೆದಾಗ 3.5 ಇದ್ದರೆ ಸೆಲ್ ಹೆಚ್ಚುಕಡಿಮೆ ಖಾಲಿ. ಆ 112 ಕೋಟಿ ಕೋಟಿ ಕೋಟಿಯ ಇಡೀ ಸಂಸಾರ ನಡೆಯುವುದು 0.7 ವೋಲ್ಟಿನ ಸಂದಿಯಲ್ಲಿ. ಚಾರ್ಜನ್ನು 4.1ಕ್ಕೆ ನಿಲ್ಲಿಸಿದರೆ ಸುಮಾರು ಶೇ 10 ಕಡಿಮೆ ತುಂಬುತ್ತದೆ. 4.2 ಮೀರಿ ನೂಕಿದರೆ ಗ್ರಾಫೈಟಿನಲ್ಲಿ ಜಾಗ ಸಿಗದ ಲಿಥಿಯಂ ಹೊರಗೇ ಲೋಹವಾಗಿ ಕಟ್ಟಿಕೊಳ್ಳತೊಡಗುತ್ತದೆ, ಆಮೇಲೆ ಉಬ್ಬು, ಆಮೇಲೆ ಹೊಗೆ. ಒಟ್ಟು ವೋಲ್ಟೇಜನ್ನು ಮಾತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ. ಮೀಟರಿನಲ್ಲಿ 8.40 ಬಂತೆಂದು ಸಮಾಧಾನಪಟ್ಟರೆ ಒಳಗೆ ಒಂದು ಸೆಲ್ 4.10, ಇನ್ನೊಂದು 4.30 ಇರಬಹುದು. ಪ್ಯಾಕಿನ ಪಕ್ಕದಿಂದ ಹೊರಟ ಮೂರು ಸಣ್ಣ ತಂತಿಯ ಬಿಳಿ ಕನೆಕ್ಟರು ಇರುವುದು ಈ ಕಳ್ಳತನ ಹಿಡಿಯಲಿಕ್ಕೆ. ಅದನ್ನು ಸಿಕ್ಕಿಸದೆ ಚಾರ್ಜು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕರೆಂಟಿನ ನಿಯಮ ಸುಲಭ: ಒಂದು ಸಿ. 5000 ಎಂಎಎಚ್‌ಗೆ 5 ಆಂಪಿಯರ್. ಕಾರಿನ ಜತೆ ಪುಕ್ಕಟೆ ಬರುವ ಪುಟ್ಟ ಚಾರ್ಜರು 800 ಮಿಲಿಆಂಪಿಯರಿನದಾದರೆ ಆರು ಗಂಟೆ ಮೀರಿ ಕಾಯಬೇಕು. ಚಾರ್ಜರ್ ಕೊಳ್ಳುವಾಗ ಆಂಪಿಯರ್ ಜತೆ ವ್ಯಾಟನ್ನೂ ಕೇಳಿ. ಎರಡು ಸೆಲ್ಲಿಗೆ 42 ವ್ಯಾಟ್ ಸಾಕು, ಆರು ಸೆಲ್ಲಿಗೆ 126 ಬೇಕು. 80 ವ್ಯಾಟಿನ ಚಾರ್ಜರು ಅಲ್ಲಿ 3.2 ಆಂಪಿಯರಿಗೇ ಸುಸ್ತಾಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಚಾರ್ಜಿಗೆ ಇಡಬೇಡಿ, 45 ಡಿಗ್ರಿ ಮೇಲಿನ ಮಿತಿ. ಓಡಿಸಿದ ಕೂಡಲೇ ಬಿಸಿ ಪ್ಯಾಕನ್ನೂ ಇಡಬೇಡಿ. ಸಿಮೆಂಟು ನೆಲದ ಮೇಲೆ, ಪರದೆ ಸೋಫಾಗಳಿಂದ ದೂರ, ಮನೆಯಲ್ಲಿ ಎಚ್ಚರವಾಗಿ ಯಾರಾದರೂ ಇರುವಾಗ. ಹತ್ತಿಕೊಂಡರೆ ಹೊರಬರುವುದು ಇಡ್ಲಿಯ ಲೆಕ್ಕದ ಶಕ್ತಿಯಷ್ಟೇ ಅಲ್ಲ; ಒಳಗಿನ ದ್ರಾವಣವೂ ಪ್ಲಾಸ್ಟಿಕ್ಕೂ ಉರಿದು ಅದರ ಹಲವು ಪಟ್ಟು. ವಾರಗಟ್ಟಲೆ ಆಡದಿದ್ದರೆ ಸೆಲ್ಲಿಗೆ 3.8 ವೋಲ್ಟಿನಂತೆ ಅರ್ಧ ತುಂಬಿಸಿ ಇಡಬೇಕು.

ಖರ್ಚು ಕೇಳಿದರೆ ನಗು ಬರುತ್ತದೆ. ಚಾರ್ಜರಿನ ನಷ್ಟ ಸೇರಿ ಒಂದು ಸಲಕ್ಕೆ 45 ವ್ಯಾಟ್ ಅವರ್, ಯೂನಿಟ್ಟಿಗೆ 22 ಸಲ. ಪ್ಯಾಕು 300 ಸಲ ಚಾರ್ಜಾಗಿ ಸತ್ತರೂ ಅದರ ಜೀವಮಾನದ ಕರೆಂಟು ಹದಿಮೂರೂವರೆ ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮೇಲ್ಮಿತಿಯಲ್ಲಿ ಹದಿನಾಲ್ಕು ಪ್ಯಾಕುಗಳ ಹುಟ್ಟುಸಾವು ಮುಗಿದುಹೋಗುತ್ತದೆ. ದುಬಾರಿಯಾಗುವುದು ಪ್ಯಾಕು, ಕರೆಂಟಲ್ಲ.

ರಜೆಗೆ ಊರಿಗೆ ವಿಮಾನದಲ್ಲಿ ಒಯ್ಯುವುದಾದರೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ತುದಿಗಳಿಗೆ ಟೇಪು ಸುತ್ತಿ. ಬಿಡಿ ಲಿಥಿಯಂ ಬ್ಯಾಟರಿಯನ್ನು ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್ ಅವರ್‌ವರೆಗೆ ಬಿಡುತ್ತಾರೆ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ನಮ್ಮ 37ಕ್ಕೆ ತೊಂದರೆಯಿಲ್ಲ. ಆರು ಸೆಲ್ಲಿನ 5000 ಎಂಎಎಚ್ ಪ್ಯಾಕು 111 ಆಗುತ್ತದೆ. ಸ್ಟಿಕ್ಕರಿನ ಮೇಲೆ ವ್ಯಾಟ್ ಅವರ್ ಅಚ್ಚಾಗಿಲ್ಲದಿದ್ದರೆ ಮೊದಲೇ ಗುಣಿಸಿ ಒಂದು ಚೀಟಿಯಲ್ಲಿ ಬರೆದು ಅಂಟಿಸಿಕೊಂಡು ಹೋಗಿ, ತಪಾಸಣೆಯ ಸಾಲಿನಲ್ಲಿ ನಿಂತು ಲೆಕ್ಕ ಮಾಡುವುದು ತಪ್ಪುತ್ತದೆ.