ಹೆವಿ ಗನ್ ತಗೊಳ್ಳೋ ಮುಂಚೆ ಒಂದು ಲೆಕ್ಕ

ಹಾಸ್ಟೆಲ್‌ನಲ್ಲಿ ಕೌಂಟರ್-ಸ್ಟ್ರೈಕ್ 2 ಆಡೋರು ಎಲ್ಲರೂ ಒಂದಲ್ಲ ಒಂದು ದಿನ ಎಂ249 ತಗೊಂಡೇ ಇರ್ತೀರ. ಬೈ ಮೆನುವಿನಲ್ಲಿ ಅದಕ್ಕಿಂತ ದುಬಾರಿ ಗನ್ ಇನ್ನೊಂದಿಲ್ಲ, 5200 ಡಾಲರ್. ದುಬಾರಿ ಅಂದ್ಮೇಲೆ ಅದೇ ಬೆಸ್ಟ್ ಇರಬೇಕು ಅಂತ ನಮ್ಮ ತಲೆಗೆ ತಾನಾಗೇ ಬಂದುಬಿಡುತ್ತೆ. ನನಗೂ ಹಾಗೇ ಅನಿಸಿತ್ತು. ಅದೂ ಯಾವಾಗ? ಇಂಟರ್-ಹಾಸ್ಟೆಲ್ ಲ್ಯಾನ್ ಟೂರ್ನಮೆಂಟಿನ ಸೆಮಿಫೈನಲ್‌ನಲ್ಲಿ, ಸ್ಕೋರ್ 11-11 ಇದ್ದಾಗ.

ಮ್ಯಾಪ್ ಮಿರಾಜ್. ನಾವು ಟಿ ಸೈಡ್. ನನ್ನ ಹತ್ರ 8200 ಡಾಲರ್ ಇತ್ತು, ಇಡೀ ಟೀಮಿನಲ್ಲಿ ನಾನೇ ಶ್ರೀಮಂತ. ನಮ್ಮ ಕ್ಯಾಪ್ಟನ್ ಫೈನಲ್ ಇಯರ್ ಸೀನಿಯರ್, ಹುಬ್ಬಳ್ಳಿಯವರು. ಅವರ ಹತ್ರ ಆರ್ಮರ್‌ಗೆ ಆಗೋಷ್ಟು ಮಾತ್ರ ಇತ್ತು. ಹೆಡ್‌ಸೆಟ್‌ನಲ್ಲಿ "ತಮ್ಮಾ, ಒಂದ್ ಎಕೆ ಒಗಿಯಲೇ" ಅಂದ್ರು. ಅಷ್ಟರಲ್ಲಿ ನಾನು ಎಂ249 ಮತ್ತು ಆರ್ಮರ್ ತಗೊಂಡಾಗಿತ್ತು. ಉಳಿದಿದ್ದು 2000. ಎಕೆ-47 ಬೆಲೆ 2700. "ಇಲ್ಲ ಅಣ್ಣ, ದುಡ್ಡಿಲ್ಲ, ಆದ್ರೆ ನಾನು ನೋಡ್ಕೋತೀನಿ" ಅಂದೆ. ಏನು ನೋಡ್ಕೊಂಡೆ ಅನ್ನೋದನ್ನ ಆಮೇಲೆ ಹೇಳ್ತೀನಿ. ಮೊದಲು ಆ ಮ್ಯಾಚ್ ಆದ್ಮೇಲೆ ರೂಮಿಗೆ ಬಂದು ರಫ್ ನೋಟ್ಸಿನಲ್ಲಿ ಮಾಡಿದ ಲೆಕ್ಕ ನೋಡಿ. ಮ್ಯಾಚಿಗೆ ಮುಂಚೆ ಮಾಡ್ಬೇಕಿತ್ತು, ನಿಜ.

ಮೊದಲು, ಹೆವಿ ಅಂದ್ರೆ ಯಾವ್ಯಾವು? ಹಳೇ ಸಿಎಸ್:ಗೋ ಮೆನುವಿನಲ್ಲಿ 'ಹೆವಿ' ಅಂತ ಒಂದು ಬೇರೆ ವಿಭಾಗವೇ ಇತ್ತು. ಅದರಲ್ಲಿ ಶಾಟ್‌ಗನ್‌ಗಳು ಮತ್ತು ಎರಡು ಮಷಿನ್ ಗನ್, ಅಂದ್ರೆ ಎಂ249 ಮತ್ತು ನೆಗೆವ್. 2023ರ ಸೆಪ್ಟೆಂಬರ್‌ನಲ್ಲಿ ಸಿಎಸ್2 ಬಂದಾಗ ಇವನ್ನೆಲ್ಲ ಎಸ್‌ಎಂಜಿಗಳ ಜೊತೆ ಸೇರಿಸಿ 'ಮಿಡ್-ಟಿಯರ್' ಅಂತ ಮಾಡಿದ್ರು. ಜೊತೆಗೆ ಇನ್ನೊಂದು ನಿಯಮ ಬಂತು: ಮಿಡ್-ಟಿಯರ್‌ನಿಂದ ಐದೇ ಗನ್ ಲೋಡ್‌ಔಟ್‌ನಲ್ಲಿ ಇಟ್ಕೋಬಹುದು. ಮ್ಯಾಚ್ ಶುರುವಾದ್ಮೇಲೆ ಬದಲಾಯಿಸೋಕೆ ಆಗಲ್ಲ. ಹಾಗಾಗಿ ಹೆವಿ ಗನ್ ಆಯ್ಕೆ ಈಗ ಮ್ಯಾಚಿಗೆ ಮುಂಚೆಯೇ ಶುರುವಾಗುತ್ತೆ. ಎಂ249ಗೆ ಜಾಗ ಕೊಟ್ರೆ ಬೇರೆ ಯಾವುದೋ ಒಂದನ್ನ ಆಚೆ ಹಾಕ್ಬೇಕು.

ಈಗ ಪವರ್. ಎಂ249 ಒಂದು ಬುಲೆಟ್ಟಿನ ಡ್ಯಾಮೇಜ್ 32, ಎಕೆದು 36. ಹಾಗಿದ್ರೂ ಎಂ249 ನಿಮಿಷಕ್ಕೆ 750 ಬುಲೆಟ್ ಹೊಡಿಯುತ್ತೆ, ಎಕೆ 600. ಸೆಕೆಂಡಿಗೆ ಲೆಕ್ಕ ಹಾಕಿದ್ರೆ ಎಂ249ಗೆ 400, ಎಕೆಗೆ 360. ಇಲ್ಲಿಗೆ ನಿಲ್ಲಿಸಿದ್ರೆ ಎಂ249 ಗೆದ್ದಂಗೆ. ನಾನು ಮೊದಲು ಇಲ್ಲಿಗೇ ನಿಲ್ಲಿಸಿದ್ದೆ.

ಎದುರಿಗಿರೋನು ಆರ್ಮರ್ ಹಾಕಿರ್ತಾನಲ್ವಾ? ಆರ್ಮರ್ ದಾಟಿ ಒಳಗೆ ಹೋಗೋದು ಎಂ249ದು 80%, ಎಕೆದು 77.5%. ಅಂದ್ರೆ ಎದೆಗೆ ಬಿದ್ದ ಒಂದೊಂದು ಬುಲೆಟ್ ಎಂ249ಯಿಂದ 25.6, ಎಕೆಯಿಂದ 27.9. ಆರೋಗ್ಯ 100. ಎರಡಕ್ಕೂ 4 ಬುಲೆಟ್ ಬೇಕು. ಮೊದಲ ಬುಲೆಟ್ ಸೊನ್ನೆ ಸೆಕೆಂಡಿಗೇ ಹೋಗೋದ್ರಿಂದ ಮಧ್ಯದ ಗ್ಯಾಪ್ ಮೂರು. ಎಂ249ಗೆ 3 × 0.08 = 0.24 ಸೆಕೆಂಡ್, ಎಕೆಗೆ 3 × 0.1 = 0.3 ಸೆಕೆಂಡ್. ಇನ್ನೂ ಎಂ249ಯೇ ಮುಂದೆ.

ಈಗ ಕ್ಯಾಚ್. ಈ ಗೇಮಿನಲ್ಲಿ ದೂರ ಹೆಚ್ಚಾದಂಗೆಲ್ಲ ಬುಲೆಟ್ಟಿನ ಡ್ಯಾಮೇಜ್ ಕಮ್ಮಿಯಾಗುತ್ತೆ, ಎಂ249ದು ಎಕೆಗಿಂತ ಬೇಗ ಕಮ್ಮಿಯಾಗುತ್ತೆ. 25.6 ಅನ್ನೋದು 25ಕ್ಕಿಂತ ಎಷ್ಟು ಮೇಲಿದೆ? ಬರೀ 0.6. ನಾಲ್ಕು ಹೆಜ್ಜೆ ದೂರ ಹೋದ್ರೆ ಅದು 25ಕ್ಕಿಂತ ಕೆಳಗಿಳಿದು 5 ಬುಲೆಟ್ ಬೇಕಾಗುತ್ತೆ. 4 ಗ್ಯಾಪ್, 0.32 ಸೆಕೆಂಡ್. ಎಕೆಯ 27.9ಗೆ ಒಳ್ಳೆ ಮಾರ್ಜಿನ್ ಇದೆ, ಬಹಳ ದೂರದ ತನಕ ನಾಲ್ಕರಲ್ಲೇ ಕೆಲಸ ಮುಗಿಯುತ್ತೆ. ಲ್ಯಾಬ್‌ನಲ್ಲಿ ಸರ್ 'ಸೇಫ್ಟಿ ಫ್ಯಾಕ್ಟರ್' ಅಂತಾರಲ್ಲ, ಅದೇ ಕಥೆ. ಅಂಚಿನಲ್ಲಿ ಡಿಸೈನ್ ಮಾಡಿದ್ದು ಸ್ವಲ್ಪ ಅಲ್ಲಾಡಿದ್ರೂ ಬೀಳುತ್ತೆ.

ತಲೆಗೆ ಹೊಡೆದ್ರೆ ಡ್ಯಾಮೇಜ್ ನಾಲ್ಕು ಪಟ್ಟು. ಹೆಲ್ಮೆಟ್ ಇದ್ರೂ ಎಕೆ 111 ಕೊಡುತ್ತೆ, ಒಂದೇ ಬುಲೆಟ್, ಕಥೆ ಮುಗೀತು. ಎಂ249 102 ಕೊಡುತ್ತೆ. ಇದೂ ಒಂದೇ ಬುಲೆಟ್ಟೇ, ಆದ್ರೆ ಮೂಗಿಗೆ ಮೂಗು ತಾಗೋ ದೂರದಲ್ಲಿ ಮಾತ್ರ. ಹೀಗಾಗಿ ಅರ್ಧ ಬೆಲೆಯ ಎಕೆ ಮಿರಾಜ್‌ನ ಮಿಡ್‌ನಲ್ಲಿ ನಿಂತು ಮಾಡೋ ಕೆಲಸವನ್ನ ಎಂ249 ಮಾಡಲ್ಲ. ಮೇಲಾಗಿ ನಿಂತು ಹೊಡೆದ್ರೂ ಅದರ ಬುಲೆಟ್ ಎಕೆ ಬುಲೆಟ್ಟಿಗಿಂತ ಜಾಸ್ತಿ ಚೆದುರುತ್ತೆ. ನಡ್ಕೊಂಡು ಹೊಡೆದ್ರೆ ಕೇಳ್ಲೇಬೇಡಿ.

ಆಮೇಲೆ ತೂಕ. ಸಿಎಸ್‌ನಲ್ಲಿ ಕೆಜಿ ಲೆಕ್ಕ ಇಲ್ಲ, ಓಡೋ ಸ್ಪೀಡೇ ತೂಕ. ಕೈಯಲ್ಲಿ ಚಾಕು ಇದ್ರೆ ಸೆಕೆಂಡಿಗೆ 250 ಯುನಿಟ್, ಎಕೆ ಇದ್ರೆ 215, ಎಂ249 ಇದ್ರೆ 195, ನೆಗೆವ್ ಇದ್ರೆ 150. ಒಂದು ಸೈಟಿನಿಂದ ಇನ್ನೊಂದಕ್ಕೆ ಹೋಗೋಕೆ 1500 ಯುನಿಟ್ ಓಡ್ಬೇಕು ಅಂದ್ಕೊಳ್ಳಿ. ಚಾಕು ಹಿಡಿದು 6 ಸೆಕೆಂಡ್, ಎಕೆ ಹಿಡಿದು 7, ನೆಗೆವ್ ಹಿಡಿದು ಪೂರ್ತಿ 10. ಇಲ್ಲೊಂದು ಟ್ರಿಕ್ ಇದೆ, ಫಸ್ಟ್ ಇಯರ್‌ನೋರಿಗೆ ಗೊತ್ತಿರಲ್ಲ: ಸ್ಪೀಡ್ ಕೈಯಲ್ಲಿ ಏನು ಹಿಡಿದಿದ್ದೀರಿ ಅನ್ನೋದರ ಮೇಲೆ, ಬೆನ್ನಿಗೆ ಏನು ಹಾಕ್ಕೊಂಡಿದ್ದೀರಿ ಅನ್ನೋದರ ಮೇಲಲ್ಲ. ನೆಗೆವ್ ತಗೊಂಡು ಚಾಕು ಹಿಡ್ಕೊಂಡು ಓಡಿ. ಆದ್ರೆ ಮೂಲೆಯಲ್ಲಿ ಯಾರಾದ್ರೂ ಕಾದಿದ್ರೆ ಗನ್ ಕೈಗೆ ಬರೋವರೆಗೂ ನೀವು ಅವರಿಗೆ ಉಡುಗೊರೆ.

ನನ್ನನ್ನ ಮುಳುಗಿಸಿದ್ದು ಮಾತ್ರ ಇದ್ಯಾವುದೂ ಅಲ್ಲ, ರೀಲೋಡ್. ಎಂ249ದು 100 ಬುಲೆಟ್ಟಿನ ಬೆಲ್ಟ್. ನಿಮಿಷಕ್ಕೆ 750 ಅಂದ್ರೆ 100 ಬುಲೆಟ್ ಬರೀ 8 ಸೆಕೆಂಡ್. ರೀಲೋಡಿಗೆ ಹತ್ರಹತ್ರ 6 ಸೆಕೆಂಡ್. ಎಕೆಗೆ ಎರಡೂವರೆ ಸಾಕು. ಆವತ್ತು ನಾನು ಎ ರ್‍ಯಾಂಪಿನಲ್ಲಿ ನಿಂತು ಎದುರಿಗಿದ್ದ ಸ್ಮೋಕ್ ಒಳಕ್ಕೆ ಎಂಟು ಸೆಕೆಂಡ್ ಬಿಡದೆ ಹೊಡೆದೆ. ಸೌಂಡ್ ಏನು ಮಜಾ ಅಂತೀರ! ಹಿಂದೆ ಕೂತಿದ್ದ ಹುಡುಗ್ರು ವಿಸಲ್ ಹಾಕಿದ್ರು. ಒಂದೇ ಒಂದು ಕಿಲ್ ಬರಲಿಲ್ಲ. ಆಮೇಲೆ ಆರು ಸೆಕೆಂಡಿನ ಮೌನ. ಆ ಮೌನ ಎದುರು ಟೀಮಿನವರಿಗೆ ಚೆನ್ನಾಗಿ ಕೇಳಿಸ್ತು. ಸ್ಮೋಕ್ ಒಳಗಿಂದ ಒಬ್ಬ ಆರಾಮಾಗಿ ನಡ್ಕೊಂಡು ಬಂದು ನನ್ನ ತಲೆಗೆ ಹೊಡೆದ. ಬೆಲ್ಟ್ ಹಾಕೋ ಅನಿಮೇಷನ್ ಅರ್ಧಕ್ಕೆ ನಿಂತಿತ್ತು. ನಮ್ಮ ಕ್ಯಾಪ್ಟನ್ ಪಿಸ್ತೂಲಿನಲ್ಲೇ ಒಬ್ಬನ್ನ ಹೊಡೆದು, ಎರಡನೆಯವನಿಗೆ ಸಿಕ್ಕಿದ್ರು. 11-12. ಮುಂದಿನ ರೌಂಡಿಗೆ ಯಾರ ಹತ್ರಾನೂ ಸರಿಯಾದ ದುಡ್ಡಿಲ್ಲ. 11-13.

ಅವರು ಬೈಲಿಲ್ಲ. ಮೌಸ್ ವೈರ್ ಸುತ್ತಿಕೊಂಡು ಬ್ಯಾಗಿಗೆ ಹಾಕಿ "ಚಾ ಕುಡ್ಯೂಣ ಬರ್ರೋ" ಅಂದ್ರು. ಅದು ಅವರ ಕೊನೇ ಟೂರ್ನಮೆಂಟ್. ಮುಂದಿನ ವಾರದಿಂದ ಅವರಿಗೆ ಪ್ಲೇಸ್‌ಮೆಂಟು, ಪ್ರಾಜೆಕ್ಟು. ಬೈದಿದ್ರೇ ವಾಸಿ ಇತ್ತು.

ದುಡ್ಡಿನ ಲೆಕ್ಕ ನೋಡಿ, ಇನ್ನೂ ಹೊಟ್ಟೆ ಉರಿಯುತ್ತೆ. ಒಂದು ಎಂ249 = 5200. ಎರಡು ಎಕೆ = 5400. ವ್ಯತ್ಯಾಸ ಬರೀ 200, ಒಂದು ಫ್ಲ್ಯಾಶ್ ಬಾಂಬಿನ ಬೆಲೆ. ನನ್ನ 8200ರಲ್ಲಿ ಎರಡು ಎಕೆ, ನನಗೆ ಆರ್ಮರ್-ಹೆಲ್ಮೆಟ್ 1000, ಒಂದು ಸ್ಮೋಕ್ 300, ಒಂದು ಮಾಲೊಟಾವ್ 400, ಎರಡು ಫ್ಲ್ಯಾಶ್ 400 ಎಲ್ಲ ತಗೊಂಡಿದ್ರೂ 700 ಉಳೀತಿತ್ತು. ಇದು ಐದು ಜನರ ಆಟ. ಒಬ್ಬನ ಕೈಯಲ್ಲಿರೋ ಗನ್ ಎಷ್ಟು ದೊಡ್ಡದು ಅನ್ನೋದಕ್ಕಿಂತ ಐದು ಕೈಯಲ್ಲೂ ರೈಫಲ್ ಇದ್ಯಾ ಅನ್ನೋದೇ ಮೊದಲ ಪ್ರಶ್ನೆ ಆಗ್ಬೇಕಿತ್ತು.

ಹಾಗಾದ್ರೆ ಹೆವಿ ಗನ್ ತಗೊಳ್ಳೋದೇ ಬೇಡ್ವಾ? ಇಲ್ಲ, ನೆಗೆವ್ ಬೇರೆ ವಿಷಯ. ನೆಗೆವ್ ಅನ್ನೋದು ಇಸ್ರೇಲಿನ ಒಂದು ಮರುಭೂಮಿಯ ಹೆಸರು, ಗನ್ನೂ ಅಲ್ಲಿಯದ್ದೇ. (ಇದರ ದೊಡ್ಡಣ್ಣ ನೆಗೆವ್ ಎನ್‌ಜಿ-7 ನಮ್ಮ ಸೇನೆಯಲ್ಲೂ ಇದೆ, 2020ರಲ್ಲಿ 16,479 ಗನ್‌ಗಳಿಗೆ ಒಪ್ಪಂದ ಆಗಿತ್ತು.) ಸಿಎಸ್:ಗೋದಲ್ಲಿ ಮೊದಲು ಇದು 5700 ಡಾಲರಿನ ಜೋಕ್ ಆಗಿತ್ತು. 2017ರಲ್ಲಿ ವಾಲ್ವ್‌ನೋರು ಇದರ ಗುಣವನ್ನೇ ಬದಲಾಯಿಸಿ ಬೆಲೆ ಇಳಿಸಿದ್ರು. ಈಗ 1700. ಅಂದ್ರೆ ಎಕೆಗಿಂತ 1000 ಕಮ್ಮಿ, ಎಂ249ಯ ಮೂರನೇ ಒಂದು ಭಾಗ.

ಬೇರೆ ಗನ್‌ಗಳು ಹೊಡೀತಾ ಹೋದಂಗೆ ಚೆದುರುತ್ತವೆ, ನೆಗೆವ್ ಉಲ್ಟಾ. ಮೊದಲ ಕೆಲವು ಬುಲೆಟ್ ಎಲ್ಲೆಲ್ಲೋ ಹೋಗುತ್ತೆ. ಟ್ರಿಗರ್ ಬಿಡದೆ ಹಿಡಿದ್ರೆ ಸ್ವಲ್ಪ ಹೊತ್ತಿಗೆ ಎಲ್ಲ ಒಂದೇ ಕಡೆ ಸೇರಿ ಪೈಪಿನಿಂದ ನೀರು ಬಿಟ್ಟಂಗೆ ನೆಟ್ಟಗೆ ಹೋಗುತ್ತೆ. ಪ್ರಾಕ್ಟೀಸ್ ಸರ್ವರ್‌ನಲ್ಲಿ ಒಂದು ಗೋಡೆಗೆ ಹೊಡೆದು ನೋಡಿ, ಎರಡು ನಿಮಿಷದ ಕೆಲಸ, ನಾನು ಹೇಳಿದ್ದು ಕಣ್ಣಿಗೇ ಕಾಣುತ್ತೆ. ಹಾಗಾಗಿ ಶತ್ರು ಕಂಡಮೇಲೆ ನೆಗೆವ್ ಶುರು ಮಾಡಿದ್ರೆ ಸತ್ತಂಗೆ. ಶತ್ರು ಬರೋಕೆ ಮುಂಚೆಯೇ, ಅವನು ಬರೋ ಬಾಗಿಲಿಗೆ ಹೊಡೀತಾ ಇರ್ಬೇಕು. ಇನ್ಫರ್ನೊ ಬನಾನಾ, ಡಸ್ಟ್2 ಬಿ ಟನಲ್, ಇಂಥ ಒಂದೇ ಇಕ್ಕಟ್ಟಾದ ದಾರಿ ಇರೋ ಕಡೆ. ಕೊಲ್ಲೋದಕ್ಕಿಂತ ತಡೆಯೋದು ಇದರ ಕೆಲಸ. ಸಿಎಸ್2ನಲ್ಲಿ ಬುಲೆಟ್ ಹೋದ ಜಾಗದಲ್ಲಿ ಸ್ಮೋಕ್ ಒಂದು ಕ್ಷಣ ತೆಳುವಾಗುತ್ತೆ ಅನ್ನೋದೂ ಇದಕ್ಕೆ ಲಾಭ.

ಇನ್ನೊಂದು ಲೆಕ್ಕ ನನಗೆ ತುಂಬಾ ಇಷ್ಟ. ನೆಗೆವ್ ಬೆಲ್ಟ್ 150 ಬುಲೆಟ್, ನಿಮಿಷಕ್ಕೆ 800. ಭಾಗಿಸಿದ್ರೆ 11.25 ಸೆಕೆಂಡ್. ಬಾಂಬ್ ಡೆಫ್ಯೂಸ್ ಮಾಡೋಕೆ ಎಷ್ಟು ಬೇಕು? ಕಿಟ್ ಇದ್ರೆ 5 ಸೆಕೆಂಡ್, ಇಲ್ದಿದ್ರೆ 10. ಅಂದ್ರೆ ಬಾಂಬ್ ಮೇಲೆ ಸ್ಮೋಕ್ ಹಾಕಿ ಯಾರಾದ್ರೂ ಡೆಫ್ಯೂಸ್‌ಗೆ ಕೂತ್ರೆ ಒಂದು ಬೆಲ್ಟ್ ಅಷ್ಟು ಹೊತ್ತೂ ಬಾಂಬ್ ಮೇಲೇ ಸುರಿಯುತ್ತೆ. ಕಿಟ್ ಇಲ್ಲದವನು ಹತ್ತು ಸೆಕೆಂಡ್ ಅದರಡಿ ಕೂರೋ ಮಾತೇ ಇಲ್ಲ. ಆದ್ರೆ ರೀಲೋಡ್ ಇದಕ್ಕೂ ಆರು ಸೆಕೆಂಡ್ ಹತ್ರ. ಪಕ್ಕದಲ್ಲಿ ರೈಫಲ್ ಇರೋ ಒಬ್ಬ ಗೆಳೆಯ ಬೇಕೇ ಬೇಕು.

ಶಾಟ್‌ಗನ್ ಬಗ್ಗೆ ಜಾಸ್ತಿ ಹೇಳಲ್ಲ. ನೋವಾ 1050, ಒಂದು ಕಿಲ್‌ಗೆ 900 ವಾಪಸ್. ರೈಫಲ್ ಕಿಲ್‌ಗೆ ಸಿಗೋದು 300. ಎದುರು ಟೀಮಿನ ಹತ್ರ ಆರ್ಮರ್ ಇಲ್ಲದ ರೌಂಡಿನಲ್ಲಿ ಮೂಲೆಯಲ್ಲಿ ನಿಂತು ದುಡ್ಡು ಮಾಡ್ಕೊಳ್ಳೋಕೆ ಸರಿ, ಅಷ್ಟೇ.

ಇನ್ನು ನಿಜವಾಗ್ಲೂ ಜೋರಾದ ಭಾರದ ಗನ್ ಬೇಕು ಅಂದ್ರೆ ಅದು ಹೆವಿ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ: ಎಡಬ್ಲ್ಯೂಪಿ, ನಾವು ಬಾಯಲ್ಲಿ 'ಆಪ್' ಅನ್ನೋದು. 4750 ಡಾಲರ್, ಸ್ಪೀಡ್ 200. ಆರ್ಮರ್ ಇದ್ರೂ ಎದೆಗೆ ಒಂದು ಬಿದ್ರೆ 112. ಕಾಲಿಗೆ ಮಾತ್ರ ಬಿದ್ರೆ ಬದುಕ್ತಾನೆ. ಎರಡು ಗುಂಡಿನ ಮಧ್ಯೆ ಸುಮಾರು ಒಂದೂವರೆ ಸೆಕೆಂಡ್, ಮ್ಯಾಗಝೀನಿನಲ್ಲಿ 5 ಬುಲೆಟ್ ಮಾತ್ರ, ಕಿಲ್‌ಗೆ ಸಿಗೋದು ಜುಜುಬಿ 100 ಡಾಲರ್. ಇಷ್ಟೆಲ್ಲ ಶಿಕ್ಷೆ ಇದ್ರೂ ಜನ ತಗೋತಾರೆ, ಯಾಕಂದ್ರೆ ಎಷ್ಟು ದೂರದಲ್ಲಿದ್ರೂ ಒಂದೇ ಬುಲೆಟ್ ಸಾಕು. ಆದ್ರೆ ಏಮ್ ಇರ್ಬೇಕು. ನನಗಿಲ್ಲ. ಇದ್ದಿದ್ರೆ ಈ ಲೇಖನ ಬರೀತಿರಲಿಲ್ಲ.

ಈಗ ನನ್ನ ಲೋಡ್‌ಔಟ್‌ನಲ್ಲಿ ಎಂ249 ಇದ್ದ ಜಾಗಕ್ಕೆ ನೆಗೆವ್ ಹಾಕಿದ್ದೀನಿ. ನಮ್ಮ ಕ್ಯಾಪ್ಟನ್ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾರೆ, ಶನಿವಾರ ರಾತ್ರಿ ಆನ್‌ಲೈನ್ ಬರ್ತಾರೆ. ಅವರ ಹತ್ರ ದುಡ್ಡು ಎಷ್ಟೇ ಇರ್ಲಿ, ಬೈ ಟೈಮ್ ಶುರುವಾದ ತಕ್ಷಣ "ಒಗಿಯಲೇ" ಅಂತಾರೆ. ನಾನು ಕೇಳೋಕೆ ಮುಂಚೇನೇ ಎಕೆ ಎಸೆದಿರ್ತೀನಿ.